ಗೋಡೆಗೆ ಅಂಟಿಸಿದ ಕೌದಿ

ಅಕಾಯಿತಿಯ ಹಣೆಗೆ ಕೊನೆಯ ಮುತ್ತು ಕೊಡಲು ಬಾಗಿದಾಗ ಆಧಾರಕ್ಕೆಂದು ಶವಪೆಟ್ಟಿಗೆಯ ಅಂಚಿಗೆ, ಅವಳಿಗೆ ಹೊದಿಸಿದ್ದ ಕೌದಿಯ ಮೇಲೆಯೇ ಅಂಗೈ ಊರಿದೆ. ಊರಿದ ಕೈ ಜಾರಿತು. ಕೌದಿಯ ಮೇಲೆ ಕೈ ಜಾರುವ ಮಾತೇ ಇಲ್ಲ. ಹೆಬ್ಬೆಟ್ಟಿನ ಉಗುರಿನಷ್ಟು ಅಗಲದ ಚೂರುಗಳನ್ನು ಒಂದಕ್ಕೊಂದು ಸೇರಿಸಿ ಕೈಯಿಂದ ಹೊಲಿದ ಬಟ್ಟೆ ಅದು. ಎಲ್ಲಿ ಮುಟ್ಟಿದರೂ ಹೊಲಿಗೆಯ ಏಣು ಸಿಗಬೇಕು. ಇಲ್ಲಿ ಏನೂ ಸಿಗಲಿಲ್ಲ, ಸೋಪು ಹಚ್ಚಿದ ಕಲ್ಲನ್ನು ಮುಟ್ಟಿದ ಹಾಗಾಯಿತು.

ಕಣ್ಣಿಗೆ ಎಲ್ಲ ಸರಿಯಾಗಿಯೇ ಇತ್ತು. ಅವೇ ಕಿತ್ತಳೆ ಹೂಗಳು, ಅದೇ ನೇರಳೆ ನೆಲ, ಸುತ್ತ ಅದೇ ಹಸಿರು ಅಂಚು. ಯಾರೂ ನೋಡದ ಹಾಗೆ ಒಂದು ಮೂಲೆಯನ್ನು ಮಗುಚಿದೆ. ಹಿಂಬದಿ ಬೆಳ್ಳಗಿತ್ತು. ಹೊಲಿಗೆಯಿಲ್ಲ, ಗಂಟಿಲ್ಲ, ನೂಲಿನ ಒಂದು ತುದಿಯಿಲ್ಲ. ಮೂಲೆಯಲ್ಲಿ ಒಂದು ಪುಟ್ಟ ಪಟ್ಟಿ ಮಾತ್ರ ಇತ್ತು: ಮೆಷಿನ್ನಿನಲ್ಲಿ ಒಗೆಯಬಹುದು, ಇಸ್ತ್ರಿ ಬೇಡ.

ಹೆಣದ ವಾಸನೆಗೆ ನಾನು ಹೇಸುವವಳಲ್ಲ, ಈ ಊರಿನಲ್ಲಿ ಎಷ್ಟೋ ಜನರ ಮೈ ತೊಳೆದು ಬಟ್ಟೆ ಉಡಿಸಿದ್ದೇನೆ. ಈ ನುಣುಪು ಮಾತ್ರ ಅಂಗೈಗೆ ಅಂಟಿಕೊಂಡುಬಿಟ್ಟಿತು. ಎಷ್ಟು ಬಾರಿ ಲಂಗಕ್ಕೆ ಒರೆಸಿಕೊಂಡರೂ ಹೋಗಲಿಲ್ಲ.

ನಾನು ಕೂರಾ, ಈ ದ್ವೀಪದ ತಿತಿಕಾವೇಕ ಎಂಬ ಊರಿನ ಹೊಲಿಗೆ ಹೆಂಗಸರ ಗುಂಪಿನವಳು. ಅಕಾಯಿತಿ ಆ ಗುಂಪಿಗೆ ಹಿರಿಯಳು. ಯಾವ ಚೂರಿನ ಪಕ್ಕ ಯಾವ ಚೂರು ಬರಬೇಕು ಎಂಬುದು ಅವಳ ತಲೆಯೊಳಗೇ ಇರುತ್ತಿತ್ತು. ಒಂದೊಂದು ಸಾಲಿನ ಚೂರುಗಳನ್ನು ಬಣ್ಣದ ಕ್ರಮದಲ್ಲಿ ದಾರಕ್ಕೆ ಪೋಣಿಸಿ, ಮೀನುಗಾರ ಮೀನು ಹಂಚುವ ಹಾಗೆ ಒಬ್ಬೊಬ್ಬಳಿಗೆ ಒಂದೊಂದು ದಾರ ಕೊಡುತ್ತಿದ್ದಳು. ದಾರದಿಂದ ಬಿಚ್ಚಿದ ಕ್ರಮದಲ್ಲೇ ಹೊಲಿಯಬೇಕು. ಒಂದು ಚೂರು ಹಿಂದುಮುಂದಾದರೆ ಅವಳಿಗೆ ಅಷ್ಟು ದೂರದಿಂದಲೇ ಗೊತ್ತಾಗುತ್ತಿತ್ತು. "ಬಿಚ್ಚೇ ಅದನ್ನ, ನಿನ್ನ ಗಂಡನ ಚಡ್ಡಿಗೆ ತೇಪೆ ಹಾಕ್ತಾ ಇದೀಯಾ?" ಎಂದು ಬೈದು ಬಿಚ್ಚಿಸುತ್ತಿದ್ದಳು. ನನ್ನನ್ನು ಬೈದಷ್ಟು ಇನ್ನಾರನ್ನೂ ಬೈದಿಲ್ಲ.

ನಮ್ಮಲ್ಲಿ ಪ್ರತಿ ಹೆಂಗಸಿಗೂ ಮಣ್ಣಿಗೆ ಹೋಗುವಾಗ ಜೊತೆಗೊಯ್ಯುವ ಕೌದಿಯೊಂದು ಇರುತ್ತದೆ. ಅದನ್ನು ಮದುವೆಗೆ ಹಾಸುವುದಿಲ್ಲ, ಪಾದ್ರಿ ಬಂದರೂ ಹೊರಗೆ ತೆಗೆಯುವುದಿಲ್ಲ. ಸಂದೂಕದ ತಳದಲ್ಲಿ ಅದರ ಪಾಡಿಗೆ ಅದು ಕಾಯುತ್ತಿರುತ್ತದೆ. ಅಕಾಯಿತಿಯದನ್ನು ನಾವೆಲ್ಲ ಸೇರಿ ಹೊಲಿದಿದ್ದೆವು. ನಡುವಿನ ಹೂಗಳು ಅವಳವು, ಹಸಿರು ಅಂಚು ನನ್ನದು. ಆವತ್ತು ಜೊತೆಗೆ ಕೂತು ಹೊಲಿದವರಲ್ಲಿ ಈಗ ಉಳಿದಿರುವವರು ನಾನು ಮತ್ತು ತೆಪಾಯೆರು ಇಬ್ಬರೇ.

ತೆಪಾಯೆರು ಜಗುಲಿಯಲ್ಲಿ ಹೆಣದ ಕಾಲ ಬಳಿಯೇ ಕೂತು ಬೀಸಣಿಗೆ ಬೀಸುತ್ತಿದ್ದಳು. ಅವಳು ಕೂತರೆ ಇಬ್ಬರ ಜಾಗ ಬೇಕು, ಮಾತಾಡಿದರೆ ಊರಿಗೇ ಕೇಳುತ್ತದೆ. ಅದಕ್ಕೇ ಅವಳ ಕಿವಿಗೆ ಬಾಯಿಟ್ಟೆ.

"ಲೇ, ಕೌದಿ ಮುಟ್ಟಿ ನೋಡೇ."

"ಯಾಕೆ? ಈಗ ತಾನೆ ನಾನೂ ಮುತ್ತು ಕೊಟ್ಟೆ."

"ಮುತ್ತು ಬೇಡ. ಬಟ್ಟೆ ಮುಟ್ಟು."

ಅವಳು ಮುಟ್ಟಿದಳು. ಬೀಸಣಿಗೆ ನಿಂತಿತು. ಎರಡು ಬೆರಳಿನಲ್ಲಿ ಬಟ್ಟೆಯನ್ನು ತಿಕ್ಕಿ ನೋಡಿ, ನನ್ನ ಕಡೆ ತಿರುಗಿ, ಅವಳಿಂದ ಸಾಧ್ಯವಾದಷ್ಟು ಮೆಲ್ಲಗೆ ಹೇಳಿದಳು: "ಅಯ್ಯೋ ಕೂರಾ, ಇದು ಬಚ್ಚಲಮನೆ ಪರದೆ ಕಣೇ!"

"ಏನಂದೆ?"

"ಡವೀನಾ ಬಾಡಿಗೆಗೆ ಕೊಡ್ತಾಳಲ್ಲ, ಕಡಲ ಕಡೆ ಮನೆ, ನನ್ನ ಮಗಳು ಅಲ್ಲಿ ಕಸ ಗುಡಿಸೋಕೆ ಹೋಗ್ತಾಳೆ. ಅಲ್ಲಿ ಸ್ನಾನ ಮಾಡೋ ಜಾಗಕ್ಕೆ ಇಂಥದ್ದೇ ಇಳಿಬಿಟ್ಟಿದಾರೆ. ಇದೇ ಹೂವು, ಇದೇ ಅಂಚು. ಪ್ರಿಂಟು."

"ಹಾಗಾದ್ರೆ ನಮ್ಮದೆಲ್ಲಿ?"

ತೆಪಾಯೆರು ಬೀಸಣಿಗೆಯನ್ನು ಮಡಿಲಿಗೆ ಹಾಕಿಕೊಂಡಳು. "ಮಲಗೋ ಕೋಣೆ ಗೋಡೆ ಮೇಲೂ ಒಂದಿದೆಯಂತೆ," ಎಂದಳು. "ನಾನು ಅದೂ ಪ್ರಿಂಟೇ ಅಂದ್ಕೊಂಡಿದ್ದೆ."

ಡವೀನಾ ಅಕಾಯಿತಿಯ ಸಾಕುಮಗ ರೋಂಗೊನ ಹೆಂಡತಿ. ಹುಟ್ಟಿ ಬೆಳೆದದ್ದು ಆಕ್ಲೆಂಡಿನಲ್ಲಿ, ಮದುವೆಯಾದ ಮೇಲೆ ನಮ್ಮ ದ್ವೀಪಕ್ಕೆ ಬಂದವಳು. ಬಂದವಳೇ ಮಾವನ ಕಾಲದ ಕಡಲ ಕಡೆಯ ಮನೆಗೆ ಸುಣ್ಣಬಣ್ಣ ಮಾಡಿಸಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡತೊಡಗಿದಳು. ಸೋಮಾರಿಯಲ್ಲ. ಅಕಾಯಿತಿ ಆಸ್ಪತ್ರೆಯಲ್ಲಿ ಮಲಗಿದ್ದ ತಿಂಗಳುಗಳಲ್ಲಿ ಅವಳ ಮಲಮೂತ್ರ ಬಳಿದವಳು, ತಲೆ ಬಾಚಿದವಳು, ಕೆಸುವಿನೆಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಚಮಚದಲ್ಲಿ ತಿನ್ನಿಸಿದವಳು ಇವಳೇ. ಇಲ್ಲವೆಂದರೆ ನನ್ನ ನಾಲಗೆಯಲ್ಲಿ ಹುಳ ಬೀಳಲಿ. ಆದರೆ ಅದೇ ತಿಂಗಳುಗಳಲ್ಲಿ ಅವಳು ಸಂದೂಕವನ್ನೂ ತೆರೆದಿದ್ದಾಳೆ.

ಹೆಣದ ಮುಂದೆ ದನಿ ಎತ್ತಬಾರದು. ಸತ್ತವರಿಗೆ ಜಗಳ ಕೇಳಿಸಿದರೆ ಅದೇ ದಾರಿಯಲ್ಲಿ ತಿರುಗಿ ಬರುತ್ತಾರೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಎದ್ದು ಹಿತ್ತಲಿಗೆ ಹೋದೆ. ಡವೀನಾ ಮಣ್ಣಿನ ನಂತರದ ಊಟಕ್ಕೆ ಆಲೂಗಡ್ಡೆ ಸಲಾಡ್ ಕಲಸುತ್ತಿದ್ದಳು. ಬೀಟ್‌ರೂಟಿನಿಂದ ಅವಳ ಕೈ ಮೊಣಕೈವರೆಗೂ ಕೆಂಪಾಗಿತ್ತು. ರೋಂಗೊ ನೆಲದಲ್ಲಿ ತೋಡಿದ ಒಲೆಯಿಂದ, ಅಡುಗೆ ಬೇಯಿಸುವ ಬಿಸಿ ಕಲ್ಲುಗಳನ್ನು ಸರಿಸುತ್ತಿದ್ದ.

"ಡವೀನಾ, ನಿಮ್ಮತ್ತೆ ಮೇಲೆ ಏನು ಹೊದಿಸಿದೀಯ?"

"ಯಾಕೆ ಆಂಟಿ? ಚೆನ್ನಾಗಿಲ್ವಾ?" ಎಂದಳು, ನಗುತ್ತಲೇ. "ಆಕ್ಲೆಂಡಿಂದ ಮಾಡಿಸಿ ತರಿಸಿದ್ದು. ಬಣ್ಣ ಎಷ್ಟು ಚೆನ್ನಾಗಿ ಬಂದಿದೆ ನೋಡಿ, ಅಸಲಿಗಿಂತ ಎದ್ದು ಕಾಣುತ್ತೆ."

"ಅಸಲಿದು ಎಲ್ಲಿ?"

ರೋಂಗೊ ಕಲ್ಲು ಸರಿಸುವುದನ್ನು ನಿಲ್ಲಿಸಿದ. ಡವೀನಾ ಮಾತ್ರ ಕಲಸುತ್ತಲೇ ಹೇಳಿದಳು: "ಆಂಟಿ, ಅದು ಸಂದೂಕದಲ್ಲಿ ಕೊಳೀತಾ ಬಿದ್ದಿತ್ತು. ಜಿರಳೆ ಹಿಕ್ಕೆ ಬೇರೆ. ನಂಗೆ ಹೊಟ್ಟೆ ಉರೀತು. ಇಷ್ಟು ಚೆಂದದ್ದು ಕತ್ತಲಲ್ಲಿ ಯಾಕಿರಬೇಕು ಅಂತ ಮಲಗೋ ಕೋಣೆಗೆ ಹಾಕಿದೆ. ಬಂದೋರೆಲ್ಲ ಮೊದಲು ಅದರದ್ದೇ ಫೋಟೋ ತೆಗೆಯೋದು."

"ಅದು ಅವಳ ಜೊತೆ ಹೋಗಬೇಕಾದದ್ದು."

"ಗೊತ್ತು ಆಂಟಿ, ಅದಕ್ಕೇ ಪ್ರಿಂಟ್ ಹಾಕಿಸಿದ್ದು. ಹೇಗಿದ್ರೂ ಮಣ್ಣಿಗೆ ಹೋಗೋದಲ್ವಾ? ಮಣ್ಣೊಳಗೆ ಯಾರು ಮುಟ್ಟಿ ನೋಡ್ತಾರೆ?"

ಈ ಮಾತನ್ನು ಅವಳು ಕೆಟ್ಟ ಮನಸ್ಸಿನಿಂದ ಆಡಲಿಲ್ಲ, ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದವಳ ಹಾಗೆ ಆಡಿದಳು. ಆ ಕೆಂಪು ಕೈ, ಆ ನಗು, ಬಟ್ಟಲಿನಲ್ಲಿ ಪಚಪಚ ಎನ್ನುತ್ತಿದ್ದ ಆ ಗುಲಾಬಿ ಮುದ್ದೆ ನೋಡುತ್ತ ನನಗೆ ನಿಜವಾಗಿಯೂ ವಾಕರಿಕೆ ಬಂತು. ಕೋತಿಯ ಕೈಗೆ ಮಾಣಿಕ್ಯ ಸಿಕ್ಕರೆ ಅದು ಕಚ್ಚಿ ನೋಡಿ ಎಸೆಯುತ್ತದೆ, ಅಷ್ಟೇ. ಇವಳು ಅದಕ್ಕೆ ಹೊಂದುವ ಪರದೆಯನ್ನೂ ಮಾಡಿಸಿದ್ದಾಳೆ.

"ಮಧ್ಯಾಹ್ನ ಪಾದ್ರಿ ಬರ್ತಾರೆ. ಅಷ್ಟರೊಳಗೆ ಅದನ್ನ ತಂದು ಹೊದಿಸು," ಎಂದೆ.

"ಆಗಲ್ಲ ಆಂಟಿ. ಮನೇಲಿ ಗೆಸ್ಟ್ ಇದಾರೆ. ಅದೂ ಅಲ್ದೆ ಅದು ಗೋಡೆಗೆ ಅಂಟಿಸಿದ್ದು."

"ಅಂಟಿಸಿದ್ದು ಅಂದ್ರೆ?"

"ಗಮ್ ಹಾಕಿ. ಅದರ ಮೇಲೆ ವಾರ್ನಿಷ್ ಹೊಡೆಸಿದೀವಿ. ಧೂಳು ಕೂರಲ್ಲ, ಒದ್ದೆ ಬಟ್ಟೇಲಿ ಒರೆಸಿದ್ರೆ ಸಾಕು."

ಬಾಯಿಗೆ ಬಂದ ಬೈಗುಳ ಪುಣ್ಯಕ್ಕೆ ಹೊರಡಲಿಲ್ಲ. ಹೊರಟಿದ್ದರೆ ಜಗುಲಿಯ ಮೇಲಿದ್ದವಳು ಎದ್ದು ಕೂರುತ್ತಿದ್ದಳು. ರೋಂಗೊನ ಕಡೆ ತಿರುಗಿದೆ. ಹುಟ್ಟಿದ ವಾರದಲ್ಲೇ ಅವನನ್ನು ಅಕಾಯಿತಿಯ ಮಡಿಲಿಗೆ ಹಾಕಿದ್ದರು. ಅವನ ಮೊದಲ ಕೂದಲು ಕತ್ತರಿಸಿದ ದಿನ ಅವನನ್ನು ಕೂರಿಸಿದ್ದ ಕುರ್ಚಿಗೆ ಹಾಸಿದ ಕೌದಿಯೂ ಅವಳು ಹೊಲಿದದ್ದೇ.

"ಗಾಡಿ ತೆಗಿಯೋ," ಎಂದೆ.

"ದೊಡ್ಡಮ್ಮ, ಇವತ್ತು ಬೇಡ..."

"ಇವತ್ತಲ್ಲದೆ ಇನ್ಯಾವತ್ತೋ? ನಾಳೆ ತಂದು ಮಣ್ಣಗೆದು ಹೊದಿಸ್ತೀಯಾ?"

ಅವನು ಹೆಂಡತಿಯ ಮುಖ ನೋಡಿದ. ಅವಳು ಕೆಂಪು ಕೈಯನ್ನು ಮೇಲೆತ್ತಿ, "ಗೆಸ್ಟಿಗೆ ತೊಂದರೆ ಕೊಡಬೇಡಿ, ಅಷ್ಟೇ. ನೋಡ್ಕೊಂಡು ಬರಲಿ, ಎಷ್ಟು ಚೆನ್ನಾಗಿ ಇಟ್ಟಿದೀವಿ ಅಂತ ಆಂಟಿಗೂ ಗೊತ್ತಾಗುತ್ತೆ," ಎಂದಳು.

ಆ ಮನೆಯನ್ನು ನಾನು ಅಲ್ಲಿಯವರೆಗೆ ಒಳಗಿನಿಂದ ನೋಡಿರಲಿಲ್ಲ. ನೋಡದೇ ಇದ್ದಿದ್ದರೆ ಒಳ್ಳೆಯದಿತ್ತು. ಬಾಗಿಲಲ್ಲೇ ಕಾಲೊರೆಸಿಕೊಳ್ಳುವ ಚಾಪೆಯ ಮೇಲೆ ನಮ್ಮ ಹೂವು. ಕಾಲು ಚಾಚುವ ಗುಂಡು ಮಣೆಯ ಮೇಲೆ ಅದೇ ಹೂವು. ದೀಪಕ್ಕೆ ಕವಿಚಿದ ಬುಟ್ಟಿ, ದಿಂಬು, ಕಸದ ಡಬ್ಬಿ, ಎಲ್ಲಕ್ಕೂ ತೇಪೆಯ ಚಿತ್ರ ಅಂಟಿಸಿದ್ದರು. ಬಚ್ಚಲಿನ ಬಾಗಿಲು ತೆರೆದಿತ್ತು. ಪರದೆಯ ಅಂಚಿನಿಂದ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು. ಪಾಯಿಖಾನೆಯ ಮುಚ್ಚಳಕ್ಕೂ ಒಂದು ಹೂವಿನ ಟೋಪಿ ತೊಡಿಸಿದ್ದರು. ಅದನ್ನು ನೋಡಿ ನಾನು ಮುಖ ತಿರುಗಿಸಿಕೊಂಡೆ. ಹೆಂಗಸರು ಸುತ್ತ ಕೂತು, ಹಾಡುತ್ತ, ಜಗಳಾಡುತ್ತ, ಸೂಜಿ ಚುಚ್ಚಿದ ಬೆರಳನ್ನು ಚೀಪುತ್ತ ಹೊಲಿದದ್ದು ಕೊನೆಗೆ ಬಂದು ಕೂತ ಜಾಗ ಅದು.

ಬಾಡಿಗೆಗಿದ್ದವರು ಮೆಲ್ಬರ್ನ್ ಕಡೆಯ ಗಂಡ ಹೆಂಡತಿ. ಗಂಡ ಹೊರಗೆ ಕಡಲ ಕಡೆ ಮುಖ ಮಾಡಿ ನಿದ್ದೆ ಹೋಗಿದ್ದ. ಹೆಂಡತಿ ಈಜಿ ಬಂದವಳು, ಒದ್ದೆ ಬಟ್ಟೆಯಲ್ಲೇ ಮಂಚದ ಮೇಲೆ ಕಾಲು ಚಾಚಿ, ತಲೆಯನ್ನು ಗೋಡೆಗೆ ಒರಗಿಸಿ, ಒಣರೊಟ್ಟಿ ಕಡಿಯುತ್ತ ಫೋನು ನೋಡುತ್ತಿದ್ದಳು. ರೋಂಗೊನನ್ನು ಕಂಡು, "ಬನ್ನಿ ಬನ್ನಿ, ಏನೂ ತೊಂದರೆ ಇಲ್ಲ," ಎಂದಳು. ಒಳ್ಳೆಯ ಹೆಂಗಸೇ.

ಅವಳ ತಲೆಯ ಹಿಂದೆ ಇತ್ತು ನಮ್ಮ ಕೌದಿ.

ಹಲಗೆಯ ಮೇಲೆ ಹರಡಿ ಅಂಟಿಸಿ, ಹಲಗೆಯನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿದಿದ್ದರು. ವಾರ್ನಿಷ್ ಒಣಗಿ ಹಳದಿಗಟ್ಟಿತ್ತು. ಕಿತ್ತಳೆ ಬಣ್ಣ ಹುರಿದ ಮೀನಿನ ಬಣ್ಣಕ್ಕೆ ತಿರುಗಿತ್ತು. ಬಂದವರೆಲ್ಲ ತಲೆ ಒರಗಿಸಿ ಒರಗಿಸಿ ಎರಡು ಕಡೆ ಜಿಡ್ಡು ಕಟ್ಟಿತ್ತು, ಬಿಸಿಲಿಗೆಂದು ಹಚ್ಚಿಕೊಳ್ಳುವ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಓದುವ ದೀಪ ಬೇಕೆಂದು ನಡುವಿನ ಹೂವಿಗೇ ತೂತು ಕೊರೆದು ವೈರು ಎಳೆದಿದ್ದರು. ತೂತಿನ ಸುತ್ತ ಕಿತ್ತುಬಂದ ನೂಲುಗಳು ವಾರ್ನಿಷ್‌ನಲ್ಲಿ ಸಿಕ್ಕಿಕೊಂಡು, ಸೀಗಡಿಯ ಮೀಸೆಯ ಹಾಗೆ ನೆಟ್ಟಗೆ ನಿಂತಿದ್ದವು. ಅದು ಅಕಾಯಿತಿಯ ಹೂವು. ಅದರ ದಾರವನ್ನು ಅವಳು ಯಾರಿಗೂ ಕೊಡದೆ ತನಗೇ ಇಟ್ಟುಕೊಂಡಿದ್ದಳು.

"ನೋಡಿದಿರಲ್ಲ ದೊಡ್ಡಮ್ಮ, ಹೋಗೋಣ," ಎಂದು ರೋಂಗೊ ನನ್ನ ತೋಳು ಹಿಡಿದ.

ಮೆಲ್ಬರ್ನಿನವಳು ಎದ್ದು ಕೂತು, "ಇದನ್ನ ಮಾಡಿದವರು ನೀವೇನಾ? ಎಷ್ಟು ಚೆನ್ನಾಗಿದೆ! ಇದರ ಕತೆ ಏನು, ಹೇಳಿ, ಕೇಳೋಣ," ಎಂದಳು.

ರೋಂಗೊ ನನ್ನ ತೋಳನ್ನು ಅಮುಕಿದ. ಸುಮ್ಮನಿರು ಎಂದು ಅದರರ್ಥ. ಸುಮ್ಮನಿರುವುದು ನನ್ನ ಹಣೆಯಲ್ಲೇ ಬರೆದಿಲ್ಲ.

"ಇದು ಹೆಣಕ್ಕೆ ಹೊದಿಸೋ ಬಟ್ಟೆ," ಎಂದೆ.

"ಏನಂದಿರಿ?"

"ಇದನ್ನ ಹೊಲಿದವಳು ಮೊನ್ನೆ ಸತ್ತಳು. ಅವಳ ಹೆಣ ಮನೆಯಲ್ಲಿದೆ. ಇದು ಅವಳ ಜೊತೆ ಗುಂಡಿಗೆ ಹೋಗೋಕೆ ಹೊಲಿದದ್ದು. ತಗೊಂಡು ಹೋಗೋಕೆ ಬಂದಿದೀನಿ."

ನಾನು ಅದರಲ್ಲಿ ಒಂದು ಅಕ್ಷರ ಸುಳ್ಳು ಹೇಳಲಿಲ್ಲ. ಆ ಹೆಂಗಸಿನ ಮುಖದಲ್ಲಿ ಮೊದಲು ಅಯ್ಯೋ ಪಾಪ ಎಂಬ ಭಾವ ಬಂತು. ಆಮೇಲೆ ಅವಳ ಕಣ್ಣು ಮೆಲ್ಲಗೆ ಗೋಡೆಯ ಕಡೆ ಹೊರಳಿತು, ಆ ಜಿಡ್ಡಿನ ಕಲೆಯ ಕಡೆ ಹೋಯಿತು. ರೊಟ್ಟಿಯನ್ನು ತಟ್ಟೆಗೆ ಬಿಟ್ಟಳು.

"ಹೆಣದ ಬಟ್ಟೆಗೆ ತಲೆ ಇಟ್ಟು ಮಲಗಿದ್ದೆನಾ ನಾನು?"

"ಇನ್ನೂ ಹೊದಿಸಿಲ್ಲ ಮೇಡಂ, ಹೊಚ್ಚ ಹೊಸದು," ಎಂದು ರೋಂಗೊ ಗಡಬಡಿಸಿದ.

ಅವಳು ಮಂಚದಿಂದ ಜಿಗಿದು ಕೆಳಗಿಳಿದಳು. ಟವಲು ತೆಗೆದುಕೊಂಡು ತಲೆಯ ಹಿಂಭಾಗವನ್ನು ತಿಕ್ಕಿಕೊಂಡಳು, ಕತ್ತು ತಿಕ್ಕಿಕೊಂಡಳು, ಆಮೇಲೆ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು. ಗಂಡನನ್ನು ಕೂಗಿ ಎಬ್ಬಿಸಿದಳು. ಇದನ್ನು ಈಗಲೇ ತೆಗೆಯಿರಿ, ಇಲ್ಲದಿದ್ದರೆ ನಾವು ಬೇರೆ ಕಡೆ ಹೋಗುತ್ತೇವೆ, ಹೋಗುವ ಮೊದಲು ಎಲ್ಲರಿಗೂ ಕಾಣುವ ಹಾಗೆ ಇಂಟರ್ನೆಟ್ಟಿನಲ್ಲಿ ಬರೆಯುತ್ತೇವೆ ಎಂದಳು. ರೋಂಗೊ ಹೊರಗೆ ಹೋಗಿ ಡವೀನಾಗೆ ಫೋನು ಮಾಡಿದ. ಅವಳ ದನಿ ನನಗೂ ಕೇಳಿಸಿತು.

"ತೆಗೀರಿ, ತೆಗೀರಿ! ಮೊದಲು ಅದನ್ನ ಕಿತ್ತು ಹೊರಗೆ ಹಾಕಿ. ಬೇಕಾದ್ರೆ ಪಾದ್ರಿ ಕರೆಸಿ ರೂಮಿಗೆ ಪ್ರಾರ್ಥನೆ ಮಾಡಿಸ್ತೀವಿ ಅಂತ ಹೇಳಿ!"

ಕೇಳಿದ್ದು ಸಿಕ್ಕಿತು. ಸಂತೋಷವಾಗಬೇಕಿತ್ತು, ಆಗಲಿಲ್ಲ. ಅಕಾಯಿತಿಯ ಬಟ್ಟೆ ಅವಳಿಗೆ ಸೇರಬೇಕು ಎಂದು ನಾನು ಹೇಳಿದಾಗ ಯಾರೂ ಅಲ್ಲಾಡಲಿಲ್ಲ. ಅದೆಲ್ಲಿಂದಲೋ ಬಂದವಳೊಬ್ಬಳು ಥೂ ಎಂದ ಕೂಡಲೇ ಎಲ್ಲರೂ ಓಡಾಡಿದರು. ಆ ಹೆಂಗಸು ಹೇಸಿದ್ದು ತೂತಿಗಲ್ಲ, ವಾರ್ನಿಷ್‌ಗಲ್ಲ, ಜಿಡ್ಡಿಗಲ್ಲ. ನನ್ನ ಗೆಳತಿಗೆ ಹೇಸಿದಳು. ಬೆರಳು ಬೆರಳೂ ಒರೆಸಿಕೊಂಡಳಲ್ಲ, ಅದನ್ನು ನೋಡಿ ನನ್ನ ಮೈಯೆಲ್ಲ ಉರಿಯಿತು. ಅವಳಿಂದಲೇ ಕೆಲಸವಾಯಿತು ಎಂಬುದು ಇನ್ನೂ ಹೆಚ್ಚು ಉರಿಸಿತು.

ರೋಂಗೊ ಚಾಕುವಿನಿಂದ ಒಂದು ಮೂಲೆಯನ್ನು ಮೀಟಿದ. ಪರ್‌ ಎಂದಿತು. ಬಟ್ಟೆ ಮೇಲೆ ಬರಲಿಲ್ಲ, ಹರಿಯಿತು. ಅಂಟಿಗೆ ಸಿಕ್ಕಿದ ಅರ್ಧ ಹಲಗೆಯಲ್ಲೇ ಉಳಿಯಿತು, ಉಳಿದರ್ಧ ಹುಣ್ಣಿನ ಹಕ್ಕಳೆಯ ಹಾಗೆ ಎದ್ದು ಬಂತು.

"ನಿಲ್ಲಿಸೋ! ಕೈ ತೆಗಿ!" ಎಂದು ಕೂಗಿದೆ.

"ಮತ್ತೆ ಹೇಗೆ ದೊಡ್ಡಮ್ಮ?"

"ಹಲಗೆ ಸಮೇತ ಬಿಚ್ಚು."

ಅವನು ದೀಪ ಕಳಚಿ, ಸ್ಕ್ರೂಗಳನ್ನು ಬಿಚ್ಚಿದ. ಮೆಲ್ಬರ್ನಿನ ಗಂಡಸು ಕೈಗಳಿಗೆ ಟವಲು ಸುತ್ತಿಕೊಂಡು ಒಂದು ಕಡೆ ಹಿಡಿದುಕೊಟ್ಟ. ಹಲಗೆಯನ್ನು ಗಾಡಿಯ ಹಿಂಭಾಗದಲ್ಲಿ ಇಟ್ಟು ಹಗ್ಗ ಕಟ್ಟಿದರು. ಗಾಳಿಗೆ ಹಾರದಿರಲಿ ಎಂದು ನಾನೂ ಹಿಂದೆಯೇ ಕೂತು ಅದನ್ನು ತಬ್ಬಿ ಹಿಡಿದೆ. ದಾರಿಯಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ ಪ್ರವಾಸಿ ಹುಡುಗಿಯರಿಬ್ಬರು ಕೈಬೀಸಿ ನಮ್ಮ ಫೋಟೋ ತೆಗೆದರು. ಬಿಸಿಲಿಗೆ ವಾರ್ನಿಷ್ ಮೆತ್ತಗಾಗಿ ನನ್ನ ಕೆನ್ನೆಗೆ ಅಂಟುತ್ತಿತ್ತು.

ಮನೆ ಮುಟ್ಟುವಾಗ ಪಾದ್ರಿ ಬಂದಾಗಿತ್ತು. ಅಂಗಳದಲ್ಲಿ, ಗಂಡನ ಸಮಾಧಿಯ ಪಕ್ಕದಲ್ಲೇ ಅಕಾಯಿತಿಗೆ ಸಿಮೆಂಟಿನ ಗುಂಡಿ ಕಟ್ಟಿದ್ದರು. ಜನ ಹೂಮಾಲೆ ಹಾಕಿಕೊಂಡು ಚಪ್ಪರದ ಕೆಳಗೆ ಕೂತಿದ್ದರು. ಮಂಚದ ತಲೆಯ ಕಡೆಯ ಗೋಡೆಹಲಗೆಯನ್ನು ನಾಲ್ಕು ಜನ ಹೊತ್ತು ತರುವುದನ್ನು ಕಂಡು ಹಾಡುತ್ತಿದ್ದವರ ದನಿ ಅಲ್ಲಲ್ಲೇ ಬಿತ್ತು. ಅದೇನು ಎಂದು ತಿಳಿಯದೆ ಮಕ್ಕಳು ನಕ್ಕರು. ತಿಳಿದ ಮುದುಕಿಯರು ತಲೆ ತಗ್ಗಿಸಿದರು.

ನಾನು ಜಗುಲಿಗೆ ಹೋಗಿ ಅಕಾಯಿತಿಯ ಮೇಲಿದ್ದ ಆ ಜಾರುವ ಬಟ್ಟೆಯನ್ನು ಎಳೆದು ತೆಗೆದೆ. ತೆಪಾಯೆರು ತನ್ನ ಹೆಗಲ ಮೇಲಿನ ಬಿಳಿ ಶಾಲನ್ನು ಹೊದಿಸಿದಳು. ಡವೀನಾ ಬಂದು ಪ್ರಿಂಟನ್ನು ನನ್ನ ಕೈಯಿಂದ ಇಸಿದುಕೊಂಡು, ಮೂಲೆಗೆ ಮೂಲೆ ಸೇರಿಸಿ ನೀಟಾಗಿ ಮಡಚಿದಳು. ಪಾಪ, ಇನ್ನು ಅದನ್ನು ತಣ್ಣೀರಿನಲ್ಲಿ ಒಗೆದು ಮತ್ತೆ ಎಲ್ಲಿಗಾದರೂ ಹಾಕುತ್ತಾಳೆ.

ಪೆಟ್ಟಿಗೆ ಮುಚ್ಚಿ ಗುಂಡಿಗಿಳಿಸಿದರು. ಅದರ ಮೇಲೆ ಹಲಗೆ ಇಡಲು ಹೋದರೆ ಹಿಡಿಸಲಿಲ್ಲ. ಅಡ್ಡಡ್ಡ ತಿರುಗಿಸಿದರು, ಓರೆಯಾಗಿ ಇಳಿಬಿಟ್ಟು ನೋಡಿದರು. ಮಂಚದಗಲದ ಹಲಗೆ, ಒಬ್ಬಳಿಗೆ ಕಟ್ಟಿದ ಗುಂಡಿ.

"ಹೊರಗೇ ಇಟ್ಟುಬಿಡೋಣ ದೊಡ್ಡಮ್ಮ, ಸಮಾಧಿ ಮೇಲೆ. ಮೇಲೊಂದು ತಗಡಿನ ಮಾಡು ಹಾಕಿದ್ರಾಯ್ತು," ಎಂದ ರೋಂಗೊ.

"ಬಂದೋರು ಅಲ್ಲೂ ಫೋಟೋ ತೆಗೀಲಿ ಅಂತಾನಾ?" ಎಂದಳು ತೆಪಾಯೆರು. ಈ ಸಲ ದನಿ ತಗ್ಗಿಸಲಿಲ್ಲ.

ಪಾದ್ರಿ ಪುಸ್ತಕದಲ್ಲಿ ಬೆರಳಿಟ್ಟುಕೊಂಡು ನನ್ನ ಮುಖ ನೋಡಿದರು. ಎಲ್ಲರೂ ನೋಡಿದರು. ಅಕಾಯಿತಿ ಹೋದ ಮೇಲೆ ಗುಂಪಿಗೆ ನಾನೇ ಹಿರಿಯಳು ಎಂಬುದು ನನಗೆ ಆಗ ಹೊಳೆಯಿತು. ಯಾವ ಚೂರು ಎಲ್ಲಿರಬೇಕು ಎಂದು ಇನ್ನು ನಾನೇ ಹೇಳಬೇಕು.

"ಗರಗಸ ತನ್ನಿ," ಎಂದೆ.

ಎಡಕ್ಕೊಂದು, ಬಲಕ್ಕೊಂದು, ಕೆಳಗೊಂದು, ಮೂರು ಕಡೆ ಕೊಯ್ಯಬೇಕಾಯಿತು. ಮೂರೂ ಕಡೆ ಹೋಗುವುದು ಹಸಿರು ಅಂಚು, ನನ್ನ ಹೊಲಿಗೆ. ಅದರಲ್ಲೊಂದು ಮೂಲೆಯನ್ನು ಅಕಾಯಿತಿ ನನ್ನಿಂದ ಮತ್ತೆ ಮತ್ತೆ ಬಿಚ್ಚಿಸಿ ಹೊಲಿಸಿದ್ದಳು, ಆ ಮೂಲೆಯ ಮೇಲೆ ನಾನೇ ಕೈಯೂರಿ ಹಲಗೆ ಅಲ್ಲಾಡದ ಹಾಗೆ ಹಿಡಿದೆ. ರೋಂಗೊ ಗರಗಸ ಎಳೆದ. ಅಂಟು ಸುಟ್ಟ ವಾಸನೆ ಬಂತು. ಮರದ ಹುಡಿಯ ಜೊತೆ ಹಸಿರು ಬಟ್ಟೆಯ ಹುಡಿ ನನ್ನ ಕಾಲ ಮೇಲೆ ಬಿತ್ತು. ಗರಗಸದ ಹಲ್ಲಿಗೆ ನೂಲು ಸಿಕ್ಕಿಕೊಂಡಾಗೆಲ್ಲ ಅವನು ನಿಂತು, ಉಗುರಿನಲ್ಲಿ ಕಿತ್ತು ಹಾಕಿ, ಮತ್ತೆ ಎಳೆಯುತ್ತಿದ್ದ. ಡವೀನಾ ತೂತು ಕೊರೆಸಿದ್ದಕ್ಕೆ ಉರಿದೆದ್ದವಳು ನಾನು. ಈಗ ಊರಿನವರ ಮುಂದೆ ನಿಂತು ಕೌದಿ ಕೊಯ್ಯಿಸುತ್ತಿದ್ದೆ. ನನ್ನ ಕೈ ನನಗೇ ಹೇಸಿಗೆಯಾಗಿ ಕಂಡಿತು.

ಈಗ ಹಲಗೆ ಹಿಡಿಸಿತು. ಬಟ್ಟೆಯ ಮುಖ ಅವಳ ಕಡೆ ಇರಲಿ ಎಂದು ಮಗುಚಿ ಇಳಿಸಿದರು. ಮೇಲಿಂದ ನೋಡಿದವರಿಗೆ ಕಾಣುತ್ತಿದ್ದುದು ಬರೀ ಪ್ಲೈವುಡ್ಡು, ಸ್ಕ್ರೂ ತೂತು, ನಡುವೆ ದೀಪದ ತೂತು, ಮರದಂಗಡಿಯ ಮೊಹರು. ತೆಪಾಯೆರು ಹಾಡು ಎತ್ತಿದಳು, ಉಳಿದವರು ಸೇರಿಕೊಂಡರು. ಹೂವು ಹಾಕಿದರು. ಹಲಗೆಯ ಮೇಲೆ ಬೀಳುವ ಹೂವಿಗೂ ಸದ್ದಿತ್ತು.

ಕೊಯ್ದ ಮೂರು ಪಟ್ಟಿಗಳು ಹುಲ್ಲಿನ ಮೇಲೆ ಬಿದ್ದಿದ್ದವು. ತಿರುಗಿ ನೋಡಿದರೆ ಡವೀನಾ ಅವನ್ನು ಎತ್ತಿಕೊಂಡು, ಹುಡಿ ಕೊಡವಿ, ಎದೆಗವಚಿಕೊಂಡು ನಿಂತಿದ್ದಳು. ಅಳುತ್ತಿದ್ದಳು. ನಾಟಕದ ಅಳುವಲ್ಲ, ಮೂಗು ಸೋರುವ ನಿಜವಾದ ಅಳು. ಒಂದು ಕ್ಷಣ ನನ್ನ ಮನಸ್ಸು ಕರಗಿತು. ಕೊನೆಗೂ ತಿಳಿಯಿತಲ್ಲ ಎಂದುಕೊಂಡೆ.

"ಆಂಟಿ," ಎಂದಳು ಬಿಕ್ಕುತ್ತ, "ಇವನ್ನ ನಾನು ಇಟ್ಕೊಳ್ಲಾ? ಅತ್ತೆ ನೆನಪಿಗೆ. ಹಾಲ್‌ನಲ್ಲಿರೋ ಕನ್ನಡಿಗೆ ಒಳ್ಳೆ ಚೌಕಟ್ಟಾಗುತ್ತೆ."

"ಮೂರೇ ಇದೆ," ಎಂದೆ. ಯಾಕೆ ಹಾಗೆಂದೆನೋ ತಿಳಿಯದು.

"ಪರವಾಗಿಲ್ಲ, ಒಂದು ಕಡೆಗೆ ಪ್ರಿಂಟ್ ಹಾಕ್ತೀನಿ. ಗೊತ್ತೇ ಆಗಲ್ಲ."

ಅವಳ ಕೈಯಿಂದ ಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿಕೊಂಡೆ. ಅವಳು ತಡೆಯಲಿಲ್ಲ, ಅರ್ಥವಾಗದೆ ನೋಡುತ್ತಿದ್ದಳು. ಎರಡನ್ನು ಗುಂಡಿಗೆ ಹಾಕಿದೆ. ಮೂರನೆಯದು ಹಲಗೆಗೂ ಸಿಮೆಂಟಿಗೂ ನಡುವೆ ಸಿಕ್ಕಿ ನೆಟ್ಟಗೆ ನಿಂತುಬಿಟ್ಟಿತು. ಮಂಡಿಯೂರಿ, ತೋಳು ಇಳಿಬಿಟ್ಟು, ಅದು ಒಳಗೆ ಹೋಗುವವರೆಗೆ ಅಮುಕಿದೆ. ಏಳುವಾಗ ಬಾಯಿ ತುಂಬ ಉಗುಳು ಬಂದಿತ್ತು. ಡವೀನಾ ನನ್ನ ಮೊಣಕೈ ಹಿಡಿದು, "ಮೆಲ್ಲಗೆ ಆಂಟಿ, ಬಿದ್ದೀರಿ," ಎನ್ನುತ್ತಿದ್ದಳು. ಸತ್ತವರ ಮುಂದೆ ಉಗುಳಬಾರದು. ನುಂಗಿದೆ.